ಮುದ್ದೆ ಬಿಡುವ ಮುಂಚೆ ಒಮ್ಮೆ ತಕ್ಕಡಿ ಮೇಲೆ ಇಡಿ

ದಿನಕ್ಕೆ 1500 ಕ್ಯಾಲೊರಿ ಅಂತ ಆ್ಯಪ್‌ನಲ್ಲಿ ಬರೆದುಕೊಂಡು ತಿನ್ನುತ್ತಿದ್ದೀರಿ, ಮೂರು ತಿಂಗಳಾದರೂ ತೂಕ ಅಲ್ಲೇ ನಿಂತಿದೆ. ಮುದ್ದೆ ಬಿಟ್ಟು ಓಟ್ಸ್ ಹಿಡಿಯಲಾ, ಇಲ್ಲ ಜಿಮ್ ಸೇರಲಾ ಅಂತ ಕೇಳಿದ್ದೀರಿ. ಸದ್ಯಕ್ಕೆ ಎರಡೂ ಬೇಡ. ನಿಮ್ಮ ಮನೆಯ ಒಂದು ಮುದ್ದೆ ಎಷ್ಟು ಗ್ರಾಂ ಇದೆ, ಗೊತ್ತಾ? ನನಗೆ ಏಳು ತಿಂಗಳು ಗೊತ್ತಿರಲಿಲ್ಲ. ಅಷ್ಟರಲ್ಲಿ ನನ್ನ ಆರೋಗ್ಯವೇ ಕೆಟ್ಟಿತ್ತು.

ನಾನು ಮಂಡ್ಯದವಳು. ಒಂದು ಸೊಸೈಟಿಯಲ್ಲಿ ಲೆಕ್ಕ ಬರೆಯುವ ಕೆಲಸ. ಮನೆ ಹತ್ತಿರವೇ ಇರುವುದರಿಂದ ಮಧ್ಯಾಹ್ನದ ಊಟಕ್ಕೂ ಮನೆಗೇ ಬರುತ್ತೇನೆ. ಎರಡನೇ ಹೆರಿಗೆಯಲ್ಲಿ ಏರಿದ ತೂಕ ಮತ್ತೆ ಇಳಿಯಲೇ ಇಲ್ಲ. 38ನೇ ವಯಸ್ಸಿಗೆ, 158 ಸೆಂಟಿಮೀಟರ್ ಎತ್ತರಕ್ಕೆ 76 ಕೆಜಿ ಇದ್ದೆ. ಬಿಎಂಐ, ಅಂದರೆ ಎತ್ತರಕ್ಕೆ ತೂಕ ಎಷ್ಟಿದೆ ಅನ್ನುವ ಅಂಕಿ, 30 ದಾಟಿತ್ತು. ನಮ್ಮ ದೇಶದವರಿಗೆ 23 ದಾಟಿದರೆ ತೂಕ ಜಾಸ್ತಿ, 25 ದಾಟಿದರೆ ಬೊಜ್ಜು ಅಂತಲೇ ಡಾಕ್ಟರುಗಳು ಹಿಡಿಯುತ್ತಾರೆ. ಅಪ್ಪನಿಗೆ ಸಕ್ಕರೆ ಕಾಯಿಲೆ ಇತ್ತು. ಅವರ ಕಾಲಿನ ಗಾಯಕ್ಕೆ ವರ್ಷಗಟ್ಟಲೆ ಡ್ರೆಸಿಂಗ್ ಮಾಡಿದವಳು ನಾನೇ. ಆ ಭಯಕ್ಕೇ ಜೂನ್ ತಿಂಗಳಲ್ಲಿ ಆ್ಯಪ್ ಹಾಕಿಕೊಂಡೆ.

ಲೆಕ್ಕ ಬರೆಯುವುದು ನನಗೆ ಕಷ್ಟದ ಕೆಲಸವಲ್ಲ. ಬೆಳಿಗ್ಗೆ ಮೂರು ಇಡ್ಲಿ, ಬರೆದೆ. ಕಾಫಿಗೆ ಒಂದು ಚಮಚ ಸಕ್ಕರೆ, ಬರೆದೆ. ಮಕ್ಕಳು ತಟ್ಟೆಯಲ್ಲಿ ಬಿಟ್ಟ ಅರ್ಧ ಚಪಾತಿಯನ್ನೂ ಬಿಡದೆ ಬರೆದೆ. ಮಧ್ಯಾಹ್ನ, ರಾತ್ರಿ ಊಟಕ್ಕೆ ಆ್ಯಪ್‌ನಲ್ಲಿ 'ರಾಗಿ ಮುದ್ದೆ' ಅಂತ ಹುಡುಕಿದರೆ 'ಒಂದು ಮುದ್ದೆ, 160 ಕ್ಯಾಲೊರಿ' ಅಂತ ಬರುತ್ತಿತ್ತು. ಅದನ್ನೇ ಒತ್ತುತ್ತಿದ್ದೆ. ಹೊತ್ತಿಗೆ ಒಂದರಂತೆ ದಿನಕ್ಕೆ ಎರಡು. ಒಟ್ಟು 1500 ದಾಟುತ್ತಿರಲಿಲ್ಲ.

ಎರಡು ತಿಂಗಳು ಕಳೆದರೂ ತೂಕದ ಮಿಷನ್ 76ನ್ನೇ ತೋರಿಸುತ್ತಿತ್ತು. ಒಮ್ಮೊಮ್ಮೆ 75, ಮತ್ತೆ 76.

ಆಗ ನಾನು ಲೆಕ್ಕ ತಪ್ಪಿದೆಯಾ ಅಂತ ನೋಡಲಿಲ್ಲ, ಇನ್ನೂ ಕಡಿಮೆ ತಿನ್ನಬೇಕು ಅಂದುಕೊಂಡೆ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ನೀವೂ ಇದರ ಬಾಗಿಲಲ್ಲೇ ನಿಂತಿದ್ದೀರಿ ಅಂತ ನನಗೆ ಅನ್ನಿಸುತ್ತಿದೆ.

1500ರಿಂದ 1200ಕ್ಕೆ ಇಳಿಯಬೇಕು ಅಂದರೆ ಏನನ್ನಾದರೂ ಬಿಡಬೇಕಲ್ವಾ? ಪಟ್ಟಿ ತೆಗೆದು ನೋಡಿದೆ. ಒಂದು ಬಟ್ಟಲು ಕಾಳಿನ ಪಲ್ಯ 180. ಎರಡು ಮೊಟ್ಟೆ 150. ಒಂದು ಲೋಟ ಹಾಲು 120. ಮುದ್ದೆ 160. ಹೊಟ್ಟೆ ತುಂಬಿಸುವ ಮುದ್ದೆ ಬರೀ 160 ಇರುವಾಗ, ಅರ್ಧ ಹೊಟ್ಟೆಯೂ ತುಂಬದ ಕಾಳಿಗೆ 180 ಯಾಕೆ ಕೊಡಬೇಕು? ಹಾಗಂತ ಮೊಟ್ಟೆ ಬಿಟ್ಟೆ, ಹಾಲು ಬಿಟ್ಟೆ, ಕಾಳಿನ ಪಲ್ಯ ಬಿಟ್ಟೆ. ಮುದ್ದೆಯನ್ನು ಮಾತ್ರ ಹಾಗೇ ಉಳಿಸಿಕೊಂಡು, ಜೊತೆಗೆ ತೆಳ್ಳಗಿನ ಸಾರು ಹಾಕಿಕೊಂಡು ಉಂಡೆ. ಒಂದು ಸುಳ್ಳು ಅಂಕಿ ನನ್ನ ತಟ್ಟೆಯಿಂದ ಒಳ್ಳೊಳ್ಳೆಯ ಪದಾರ್ಥಗಳನ್ನೆಲ್ಲ ಹೊರಗೆ ಕಳಿಸಿತು. ತೂಕ ಇಳಿಯದೇ ಇದ್ದದ್ದಕ್ಕಿಂತ ಇದೇ ನನಗೆ ದುಬಾರಿ ಆದದ್ದು.

ಒಂದೂವರೆ ಕೆಜಿ ಇಳಿಯಿತು, ನಿಜ. ಆದರೆ ಸಂಜೆ ನಾಲ್ಕಕ್ಕೆಲ್ಲ ಕೈ ನಡುಗುತ್ತಿತ್ತು. ಮಕ್ಕಳ ಮೇಲೆ ಸುಮ್ನೆ ರೇಗುತ್ತಿದ್ದೆ. ಭಾನುವಾರ ನೆಂಟರ ಮನೆ ಬಾಡೂಟಕ್ಕೆ ಹೋದರೆ ಎಷ್ಟು ತಿಂದೆ ಅನ್ನುವುದೇ ಗೊತ್ತಾಗುತ್ತಿರಲಿಲ್ಲ, ಅಷ್ಟು ಹಸಿವು. ಇಳಿದದ್ದು ಹಾಗೇ ವಾಪಸ್ ಬಂತು. ಅಕ್ಟೋಬರ್ ಹೊತ್ತಿಗೆ ತಲೆ ಬಾಚಿದರೆ ಬಾಚಣಿಗೆ ತುಂಬ ಕೂದಲು. ಥೈರಾಯ್ಡ್ ಇರಬೇಕು ಅಂತ ಟೆಸ್ಟ್ ಮಾಡಿಸಿದೆ, ಸರಿಯಾಗಿತ್ತು. ಹಿಮೋಗ್ಲೋಬಿನ್ 9.6ಕ್ಕೆ ಇಳಿದಿತ್ತು. ತಿಂಗಳ ಸ್ರಾವವೂ ಜಾಸ್ತಿ ಇತ್ತು, ಅದೂ ಒಂದು ಕಾರಣ. ಡಾಕ್ಟರಮ್ಮ "ದಿನಾ ಏನ್ ತಿಂತೀರಿ?" ಅಂದರು. ಫೋನ್ ತೋರಿಸಿದೆ. ಅವರು ಮೇಲಿಂದ ಕೆಳಗೆ ನೋಡಿ, "ಇದ್ರಲ್ಲಿ ಕಾಳು ಎಲ್ಲಿದೆಯಮ್ಮ? ಮೊಟ್ಟೆ ಎಲ್ಲಿದೆ?" ಅಂತ ಕೇಳಿದರು. ಕಬ್ಬಿಣಾಂಶದ ಮಾತ್ರೆ ಕೊಟ್ಟರು. ಮಾತ್ರೆ ನುಂಗಿದೆ. ಕಾಳು ತಿನ್ನಲು ಮಾತ್ರ ಧೈರ್ಯ ಬರಲಿಲ್ಲ, 180 ಕ್ಯಾಲೊರಿ ಅಲ್ವಾ ಅದು.

ಸತ್ಯ ಗೊತ್ತಾದದ್ದು ಸಂಕ್ರಾಂತಿಗೆ. ಎಳ್ಳು ಬೆಲ್ಲ ಮಾಡಲು ಕೊಬ್ಬರಿ, ಕಡ್ಲೆಕಾಯಿ ಬೀಜ, ಬೆಲ್ಲದ ಚೂರು ಎಲ್ಲ ಹದವಾಗಿ ಬೆರೆಯಲಿ ಅಂತ ಒಂದು ಸಣ್ಣ ಎಲೆಕ್ಟ್ರಾನಿಕ್ ತಕ್ಕಡಿ ತಂದಿದ್ದೆ. ರಾತ್ರಿ ಊಟದ ಹೊತ್ತಿಗೂ ಅದು ಅಡುಗೆ ಕಟ್ಟೆ ಮೇಲೇ ಇತ್ತು. ಅತ್ತೆ ಕೈ ಒದ್ದೆ ಮಾಡಿಕೊಂಡು, ಹೊಗೆಯಾಡುವ ಹಿಟ್ಟನ್ನು ಉರುಳಿಸಿ ನುಣ್ಣಗೆ ಕಟ್ಟುತ್ತಿದ್ದರು. ನಾನು ಖಾಲಿ ತಟ್ಟೆಯನ್ನು ತಕ್ಕಡಿ ಮೇಲಿಟ್ಟು ಸೊನ್ನೆ ಮಾಡಿ, ನನ್ನ ಪಾಲಿನ ಮುದ್ದೆಯನ್ನು ಅದರೊಳಗೆ ಇಟ್ಟೆ.

"ಅದ್ಯಾಕವ್ವ ಹಿಟ್ಟನ್ನ ತಕ್ಕಡಿ ಮೇಲೆ ಇಡ್ತೀಯ? ಉಣ್ಣೋದ ತೂಗಬಾರ್ದು ಕಣವ್ವ" ಅಂದರು ಅತ್ತೆ.

"ಒಂದೇ ಸಲ ಅತ್ತೆ, ನೋಡ್ಬೇಕಿತ್ತು."

372 ಗ್ರಾಂ.

ಮಾರನೇ ದಿನ ಸರಿಯಾಗಿ ಲೆಕ್ಕ ಹಾಕಿದೆ. ಎಸರಿಗೆ ಹಿಟ್ಟು ಹಾಕುವ ಮುಂಚೆ ಹಿಟ್ಟಿನ ಡಬ್ಬ ತೂಗಿದೆ, ಹಾಕಿದ ಮೇಲೆ ಮತ್ತೆ ತೂಗಿದೆ. 480 ಗ್ರಾಂ ಹಿಟ್ಟು ಹೋಗಿತ್ತು. ಅದರಲ್ಲಿ ನಾಲ್ಕು ಮುದ್ದೆ ಆಯಿತು, ಒಟ್ಟು 1500 ಗ್ರಾಂ. ಅಂದರೆ 100 ಗ್ರಾಂ ಮುದ್ದೆಗೆ 32 ಗ್ರಾಂ ಹಿಟ್ಟು, ಮಿಕ್ಕಿದ್ದೆಲ್ಲ ನೀರು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ತಂದ ಆಹಾರ ಪಟ್ಟಿಯಲ್ಲಿ 100 ಗ್ರಾಂ ರಾಗಿಗೆ ಸುಮಾರು 320 ಕ್ಯಾಲೊರಿ ಇದೆ. ಆ ಲೆಕ್ಕದಲ್ಲಿ ನನ್ನ 372 ಗ್ರಾಂ ಮುದ್ದೆಯಲ್ಲಿ 119 ಗ್ರಾಂ ಹಿಟ್ಟು, 380 ಕ್ಯಾಲೊರಿ. ನಾನು ಬರೆಯುತ್ತಿದ್ದದ್ದು 160.

ಆ್ಯಪ್‌ನ ಮುದ್ದೆ ಸುಳ್ಳಲ್ಲ. 50 ಗ್ರಾಂ ಹಿಟ್ಟಿನಲ್ಲಿ ಕಟ್ಟಿದರೆ 160 ಕ್ಯಾಲೊರಿಯೇ ಬರುತ್ತದೆ. ಆದರೆ ಅದು ಕಿತ್ತಳೆ ಹಣ್ಣಿನ ಗಾತ್ರ. ನಮ್ಮ ಮನೆಯದು ದೊಡ್ಡ ಬೇಲದ ಹಣ್ಣಿನ ಗಾತ್ರ. ಮುದ್ದೆಗೆ ಗಾತ್ರ ಅಂತ ಎಲ್ಲಿದೆ ಹೇಳಿ? ಕಟ್ಟುವವರ ಅಂಗೈ ಎಷ್ಟೋ ಅಷ್ಟು. 'ಒಂದು ಮುದ್ದೆ' ಅನ್ನುವುದು ಅಳತೆಯೇ ಅಲ್ಲ. 'ಒಂದು ಸೌಟು ಅನ್ನ', 'ಒಂದು ಬಟ್ಟಲು ಸಾರು' ಕೂಡ ಅಷ್ಟೇ.

ಮುದ್ದೆಗೆ 220ರಂತೆ ದಿನಕ್ಕೆ 440 ಕ್ಯಾಲೊರಿ ಲೆಕ್ಕ ತಪ್ಪಿತ್ತು. 1500 ಅಂದುಕೊಂಡು 1940 ತಿನ್ನುತ್ತಿದ್ದೆ. ನನ್ನ ವಯಸ್ಸು, ಎತ್ತರ, ತೂಕ, ಕೂತು ಮಾಡುವ ಕೆಲಸ ಎಲ್ಲ ಸೇರಿಸಿದರೆ ದಿನಕ್ಕೆ ಖರ್ಚಾಗುವುದೂ ಹತ್ತಿರ ಹತ್ತಿರ 1950. ತೂಕ ಯಾಕೆ ಇಳಿಯುತ್ತದೆ? ಒಂದು ಕೆಜಿ ಕೊಬ್ಬು ಕರಗಲು ಸುಮಾರು 7700 ಕ್ಯಾಲೊರಿ ಕೊರತೆ ಬೇಕು. ನನ್ನ ಕೊರತೆ ಸೊನ್ನೆ. ಮೈ ಸರಿಯಾಗೇ ಇತ್ತು, ಕೆಟ್ಟಿದ್ದು ನನ್ನ ಲೆಡ್ಜರ್.

ಹಾಗಾಗಿ 'ನನ್ನ ಮೆಟಬಾಲಿಸಂ (ಮೈ ಕ್ಯಾಲೊರಿ ಖರ್ಚು ಮಾಡುವ ರೀತಿ) ಕೆಟ್ಟಿದೆಯಾ' ಅನ್ನುವ ನಿಮ್ಮ ಅನುಮಾನವನ್ನು ಸದ್ಯಕ್ಕೆ ಪಕ್ಕಕ್ಕೆ ಇಡಿ. ಥೈರಾಯ್ಡ್ ಒಮ್ಮೆ ನೋಡಿಸಿ, ತಪ್ಪಿಲ್ಲ. ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮಾತ್ರ ಡಾಕ್ಟರನ್ನು ಕೇಳದೆ ಊಟ ಕಡಿಮೆ ಮಾಡಬೇಡಿ, ಸಕ್ಕರೆ ಒಮ್ಮೆಲೇ ಇಳಿದುಬಿಡಬಹುದು. ಅದು ಬಿಟ್ಟರೆ ಮೊದಲು ಒಂದು ತಕ್ಕಡಿ ತನ್ನಿ.

ಓಟ್ಸ್ ವಿಷಯ. 100 ಗ್ರಾಂ ಓಟ್ಸ್‌ಗೆ 380 ಕ್ಯಾಲೊರಿ ಹತ್ತಿರ ಇದೆ, ರಾಗಿ ಹಿಟ್ಟಿಗಿಂತ ಜಾಸ್ತಿ. ಅಕ್ಕಿ, ಗೋಧಿ, ರಾಗಿ, ಓಟ್ಸ್ ಎಲ್ಲ ಒಣಗಿದ್ದಾಗ 320ರಿಂದ 380ರ ಒಳಗೇ. ಓಟ್ಸ್ ತಿಂದು ಇಳಿದವರು 40 ಗ್ರಾಂ ಅಳೆದು ತಿಂದದ್ದಕ್ಕೆ ಇಳಿದರು. ರಾಗಿಯನ್ನೂ ಅಳೆದು ತಿನ್ನಿ, ಇಳಿಯುತ್ತೀರಿ. ಮಂಡ್ಯದ ಮನೆಯಲ್ಲಿ ಹುಟ್ಟಿ ಮುದ್ದೆಯನ್ನೇ ಕಳ್ಳನ ಹಾಗೆ ನೋಡುವುದು ನನಗೆ ಬೇಸರದ ಮಾತು. ಉಪ್ಸಾರು, ಮುದ್ದೆ, ಒಂದು ರಾಶಿ ಸೊಪ್ಪು. ಇದಕ್ಕಿಂತ ಕಡಿಮೆ ಎಣ್ಣೆಯ ಊಟ ಎಲ್ಲಿದೆ? ಉಪ್ಸಾರಿನ ಖಾರಕ್ಕೆ ಒಂದು ತೊಟ್ಟು ಎಣ್ಣೆಯೂ ಬೇಕಿಲ್ಲ. ರಾಗಿಯಲ್ಲಿ ಒಂದೇ ಕೊರತೆ, ಪ್ರೋಟೀನ್. 100 ಗ್ರಾಂಗೆ 7 ಗ್ರಾಂ ಅಷ್ಟೇ. ಹೆಸರುಕಾಳು, ಅಲಸಂದೆಯಲ್ಲಿ ಅದರ ಮೂರರಷ್ಟು. ಅದಕ್ಕೇ ನಮ್ಮ ಹಿರಿಯರು ಮುದ್ದೆಗೆ ಕಾಳು ಸಾರು ಮಾಡಿದ್ದು. ಆ ಕಾಳನ್ನೇ ನಾನು ಬಿಟ್ಟಿದ್ದೆ.

ಆಮೇಲೆ ಮಾಡಿದ್ದು ಇಷ್ಟು. ಮುದ್ದೆಯನ್ನು 200 ಗ್ರಾಂಗೆ ಇಳಿಸಿದೆ, ಅಂದರೆ ಸುಮಾರು 205 ಕ್ಯಾಲೊರಿ. ತಟ್ಟೆಯಲ್ಲಿ ಖಾಲಿಯಾದ ಜಾಗಕ್ಕೆ ಕಾಳು, ಸೊಪ್ಪಿನ ಪಲ್ಯ, ದಿನಕ್ಕೆ ಎರಡು ಮೊಟ್ಟೆ, ಒಂದು ಲೋಟ ಮಜ್ಜಿಗೆ ಬಂತು. ದಿನಕ್ಕೆ 1550 ಇಟ್ಟುಕೊಂಡೆ. ಹೌದು, ಮೊದಲು ಬರೆಯುತ್ತಿದ್ದದ್ದಕ್ಕಿಂತ 50 ಜಾಸ್ತಿ. ಆದರೆ ಇದು ನಿಜವಾದ 1550. ಅತ್ತೆಗೆ ಮೊದಲ ವಾರ ಬಹಳ ಸಂಕಟ. "ಇಷ್ಟುದ್ದ ಹಿಟ್ಟು ಉಂಡು ಗೇಯಕಾದದಾ?" ಅಂತ ಎರಡನೇ ಮುದ್ದೆ ಇಡಲು ಬರುತ್ತಿದ್ದರು. ಬಟ್ಟಲು ತುಂಬ ಕಾಳು ಖಾಲಿ ಮಾಡುವುದನ್ನು ಕಂಡ ಮೇಲೆ ಸುಮ್ಮನಾದರು. ಈಗ ಅವರು ಮೊದಲು ಕಟ್ಟುವುದೇ ನನ್ನ ಸಣ್ಣ ಮುದ್ದೆ. ನಾನೀಗ ತೂಗುವುದಿಲ್ಲ. ಅವರ ಕೈಯಲ್ಲಿ ಹತ್ತು ಗ್ರಾಂ ಆಚೀಚೆ ಆಗುವುದಿಲ್ಲ.

ಎಣ್ಣೆಯದೂ ಒಂದು ಮಾತು. ಒಗ್ಗರಣೆಗೆ ಹಾಕಿದ್ದನ್ನು ಒಬ್ಬೊಬ್ಬರ ಪಾಲಿಗೆ ಅಳೆಯಲು ಆಗುವುದಿಲ್ಲ. ತಿಂಗಳಿಗೆ ಮನೆಗೆ ಬರುವ ಎಣ್ಣೆ ನೋಡಿ. ನಮ್ಮದು ಐದು ಜನ, 5 ಲೀಟರ್. ದಿನಕ್ಕೆ ತಲೆಗೆ 33 ಮಿಲಿ, ಅಂದರೆ 270 ಕ್ಯಾಲೊರಿ. ಆ್ಯಪ್‌ನ ಪಲ್ಯದಲ್ಲಿ ಇದು ಪೂರ್ತಿ ಸೇರಿರುವುದಿಲ್ಲ. ನಾವು 3 ಲೀಟರಿಗೆ ಇಳಿಸಿದೆವು, ಮನೆಯಲ್ಲಿ ಯಾರಿಗೂ ರುಚಿ ಕಡಿಮೆ ಅನ್ನಿಸಲಿಲ್ಲ.

ತೂಕವನ್ನು ದಿನಾ ಬೆಳಿಗ್ಗೆ ನೋಡಿ, ಆದರೆ ವಾರದ ಸರಾಸರಿಯನ್ನು ಮಾತ್ರ ನಂಬಿ. ಹೆಂಗಸರಿಗೆ ತಿಂಗಳ ದಿನಗಳು ಹತ್ತಿರ ಬಂದರೆ ಮೈಯಲ್ಲಿ ನೀರು ನಿಂತು ಒಂದು ಕೆಜಿ ಏರುವುದು ಸಾಮಾನ್ಯ. ಅದನ್ನು ನೋಡಿ ಊಟ ಬಿಡಬೇಡಿ.

ವ್ಯಾಯಾಮ ಖಂಡಿತ ಬೇಕು. ವಾರಕ್ಕೆ 150 ನಿಮಿಷವಾದರೂ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ನಾನು ಬೆಳಿಗ್ಗೆ ಸರ್ ಎಂ.ವಿ. ಕ್ರೀಡಾಂಗಣದಲ್ಲಿ 45 ನಿಮಿಷ ಬಿರುಸಾಗಿ ನಡೆಯುತ್ತೇನೆ, ವಾರಕ್ಕೆ ಐದು ದಿನ. ತಿಂಗಳಿಗೊಂದು ಭಾನುವಾರ ರೈಲು ಹತ್ತಿ ಮೈಸೂರಿಗೆ ಹೋಗಿ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುತ್ತೇವೆ. ಮೊದಲ ಸಲ ದೊಡ್ಡ ನಂದಿ ಮುಟ್ಟುವಷ್ಟರಲ್ಲಿ ಆರು ಕಡೆ ಕೂತಿದ್ದೆ. ಈಗ ಕೂರದೆ ಹತ್ತುತ್ತೇನೆ. ಆದರೆ ಕೈಗಡಿಯಾರ ತೋರಿಸುವ 'ಕರಗಿದ ಕ್ಯಾಲೊರಿ'ಯನ್ನು ಊಟಕ್ಕೆ ಸೇರಿಸಿಕೊಳ್ಳಬೇಡಿ. ಬೆಟ್ಟ ಇಳಿದು ಒಂದು ಮಸಾಲೆ ದೋಸೆ, ಒಂದು ಕಾಫಿ ಆದರೆ ಹತ್ತಿದ್ದು ಅಲ್ಲಿಗೆ ಚುಕ್ತಾ.

ಜಿಮ್‌ಗೆ ಮುಂದೆ ಖಂಡಿತ ಸೇರಿ, ತೂಕ ಇಳಿಸಲು ಅಂತ ಮಾತ್ರ ಅಲ್ಲ. ಕಡಿಮೆ ತಿಂದಾಗ ಕೊಬ್ಬಿನ ಜೊತೆ ಮಾಂಸಖಂಡವೂ ಕರಗುತ್ತದೆ, ಅದನ್ನು ಉಳಿಸಿಕೊಳ್ಳಲು ಭಾರ ಎತ್ತಬೇಕು. ನಾನು ಮನೆಯಲ್ಲೇ 5 ಲೀಟರಿನ ನೀರಿನ ಕ್ಯಾನು ಹಿಡಿದು ಬಸ್ಕಿ ಹೊಡೆದು ಶುರು ಮಾಡಿದೆ, ವಾರಕ್ಕೆ ಎರಡು ದಿನ. ಮಂಡಿ ನೋವು ಹೋದದ್ದು ಅದರಿಂದಲೇ ಅಂತ ನನ್ನ ನಂಬಿಕೆ.

13 ತಿಂಗಳಲ್ಲಿ 76ರಿಂದ 64ಕ್ಕೆ ಬಂದೆ. ಮೊದಲು ತಿಂಗಳಿಗೆ ಒಂದು ಕೆಜಿಗಿಂತ ಸ್ವಲ್ಪ ಜಾಸ್ತಿ, ಕೊನೆಗೆ ಅರ್ಧ ಕೆಜಿ. ಹಿಮೋಗ್ಲೋಬಿನ್ 12.4. ಕೂದಲು ಉದುರುವುದು ನಿಂತಿದೆ. ಇನ್ನೂ ಐದಾರು ಕೆಜಿ ಇಳಿಯಬೇಕು, ಅವಸರ ಇಲ್ಲ.

ಇವತ್ತು ರಾತ್ರಿ ಎಸರಿಗೆ ಹಿಟ್ಟು ಹಾಕುವ ಮುಂಚೆ ಡಬ್ಬ ತೂಗಿ, ಹಾಕಿದ ಮೇಲೆ ಮತ್ತೆ ತೂಗಿ. ಹೋದ ಹಿಟ್ಟು ಎಷ್ಟು, ಕಟ್ಟಿದ ಮುದ್ದೆಗಳ ಒಟ್ಟು ತೂಕ, ಅದರಲ್ಲಿ ನಿಮ್ಮ ಮುದ್ದೆಯ ತೂಕ ಬರೆದುಕೊಳ್ಳಿ. ಈ ಮೂರು ಅಂಕಿಯನ್ನು ಇಲ್ಲೇ ಕೆಳಗೆ ಹಾಕಿ, ನಿಮ್ಮ 1500 ನಿಜವಾಗಿ ಎಷ್ಟು ಅಂತ ನಾನು ಲೆಕ್ಕ ಹಾಕಿ ಕೊಡುತ್ತೇನೆ. ಅಲ್ಲಿಯವರೆಗೆ ಕಾಳು, ಮೊಟ್ಟೆ, ಹಾಲು ಯಾವುದನ್ನೂ ಬಿಡಬೇಡಿ.