ಓದುಗರ ಪ್ರಶ್ನೆ: ಜಪಾನಿನಲ್ಲಿ ಪೆನ್ನು, ಪೆನ್ಸಿಲ್, ನೋಟ್‌ಬುಕ್ ಕೊಳ್ಳುವಾಗ

ಈ ತಿಂಗಳ ಪತ್ರಗಳಲ್ಲಿ ಜಪಾನಿಗೆ ಹೊರಟವರ, ಅಲ್ಲಿಂದ ಪೆನ್ನು, ನೋಟ್‌ಬುಕ್ ತರಿಸಿಕೊಳ್ಳುವವರ ಪ್ರಶ್ನೆಗಳೇ ಜಾಸ್ತಿ. ನಾನು ಟೋಕಿಯೋದಲ್ಲಿ ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ದಿನವಿಡೀ ಪೆನ್ಸಿಲ್, ರಬ್ಬರು, ಗೆರೆ ಹಾಕಿದ ಪುಸ್ತಕಗಳ ನಡುವೆಯೇ ಇರುತ್ತೇನೆ. ಡೈರಿ ಬರೆಯುವುದು, ಮನೆಗೆ ಕಾಗದ ಬರೆಯುವುದು ಮಾತ್ರ ಕನ್ನಡದಲ್ಲಿ. ಹಾಗಾಗಿ ನಮ್ಮ ಕೈಬರಹಕ್ಕೆ ಯಾವುದು ಒಗ್ಗುತ್ತದೆ ಅನ್ನುವುದನ್ನೂ ಸೇರಿಸಿಯೇ ಉತ್ತರಿಸಿದ್ದೇನೆ.

ಪ್ರಶ್ನೆ: ಮೊದಲ ಸಲ ಟೋಕಿಯೋಗೆ ಬರುತ್ತಿದ್ದೇನೆ ಮೇಡಂ. ಒಂದು ಮಧ್ಯಾಹ್ನ ಬಿಡುವಿದೆ. ಒಳ್ಳೆಯ ಸ್ಟೇಷನರಿಗೆ ಯಾವ ಅಂಗಡಿಗೆ ಹೋಗಲಿ? ಬೆಲೆ ಜಾಸ್ತಿ ಇದ್ದದ್ದೇ ಒಳ್ಳೆಯದಾ?

ಎರಡನೇ ಪ್ರಶ್ನೆಗೆ ಮೊದಲು ಉತ್ತರ ಕೊಡುತ್ತೇನೆ. ಅಲ್ಲ. ಜಪಾನಿನ ಸ್ಟೇಷನರಿಯ ಗುಣಮಟ್ಟ ನೋಡಬೇಕಾದರೆ ಶಾಲೆಯ ಮಕ್ಕಳು, ಆಫೀಸಿನವರು ದಿನಾ ಬಳಸುವ ಸಾಮಾನನ್ನೇ ನೋಡಬೇಕು. ಕೊಕುಯೊ ಕಂಪನಿಯ ಕ್ಯಾಂಪಸ್ ನೋಟ್‌ಬುಕ್ 1975ರಿಂದ ಬರುತ್ತಿದೆ. ಟೊಂಬೊದ ಮೋನೋ ರಬ್ಬರು, ಅದೇ ನೀಲಿ, ಬಿಳಿ, ಕಪ್ಪು ಪಟ್ಟೆಯದ್ದು, 1969ರಿಂದ ಇದೆ. ಇಷ್ಟು ವರ್ಷ ನಿಂತಿವೆ ಅಂದರೆ ಸುಮ್ನೆ ಅಲ್ಲ. ಪರೀಕ್ಷೆಗೆ ಓದುವ ಮಕ್ಕಳು ಪುಟಗಟ್ಟಲೆ ಬರೆಯುತ್ತಾರೆ. ಇಂಕು ಕೈಗೆ ಹತ್ತಿದರೆ, ರಬ್ಬರು ಉಜ್ಜಿದಾಗ ಕಾಗದ ಹರಿದರೆ, ಮುಂದಿನ ಸಲ ಪಕ್ಕದ ಬ್ರ್ಯಾಂಡಿಗೆ ಕೈ ಹಾಕುತ್ತಾರೆ. ಅವರಷ್ಟು ಕಟ್ಟುನಿಟ್ಟಿನ ಗಿರಾಕಿ ಬೇರೆ ಇಲ್ಲ.

ಒಂದೇ ಮಧ್ಯಾಹ್ನ ಅಂದರೆ ಗಿಂಜಾದ ಇತೋಯಾಗೆ ಹೋಗಿ. 1904ರಲ್ಲಿ ಶುರುವಾದ ಅಂಗಡಿ. ಬಾಗಿಲ ಮೇಲೆ ದೊಡ್ಡ ಕೆಂಪು ಪೇಪರ್ ಕ್ಲಿಪ್ ಇರುವುದರಿಂದ ದೂರದಿಂದಲೇ ಗೊತ್ತಾಗುತ್ತದೆ. ಮಹಡಿ ಮೇಲೆ ಮಹಡಿ ಇದೆ, ಎಲ್ಲಾ ನೋಡುತ್ತೇನೆ ಅಂತ ಹೊರಡಬೇಡಿ. ಫೌಂಟನ್ ಪೆನ್ ಮತ್ತು ಕಾಗದದ ವಿಭಾಗಗಳನ್ನು ನಿಧಾನವಾಗಿ ನೋಡಿದರೆ ಸಾಕು. ಅಲ್ಲಿಂದ ನಡೆದೇ ಹೋಗಬಹುದಾದ ದೂರದಲ್ಲಿ ಕ್ಯೂಕ್ಯೋದೊ ಇದೆ. 1663ರಲ್ಲಿ ಕ್ಯೋಟೋದಲ್ಲಿ ಹುಟ್ಟಿದ ಮನೆತನದ ಅಂಗಡಿ. ಕೈಯಲ್ಲಿ ಮಾಡಿದ ವಾಶಿ ಕಾಗದ, ಕುಂಚ, ಮಸಿ, ಧೂಪ ಎಲ್ಲಾ ಸಿಗುತ್ತದೆ. ಯಾರಿಗಾದರೂ ಉಡುಗೊರೆ ಕೊಡುವುದಿದ್ದರೆ ಇಲ್ಲಿಂದ ಪತ್ರ ಬರೆಯುವ ಕಾಗದ ಮತ್ತು ಕವರಿನ ಕಟ್ಟು ತನ್ನಿ. ಹಗುರ, ಒಡೆಯುವ ಭಯವಿಲ್ಲ.

ದಿನಬಳಕೆಯ ಪೆನ್ನಿಗಾದರೆ ಲಾಫ್ಟ್, ಹ್ಯಾಂಡ್ಸ್ ಅಂಗಡಿಗಳು ಸಾಕು. ಚಿತ್ರ ಬರೆಯುವವರಿಗೆ ಶಿಂಜುಕುವಿನ ಸೆಕಾಯಿದೊ. ನಿಮಗೆ ಬೇಕಾದ ಕಾಗದ, ರಟ್ಟು ಆರಿಸಿಕೊಟ್ಟರೆ ಅಲ್ಲೇ ನೋಟ್‌ಬುಕ್ ಕಟ್ಟಿಕೊಡುವ ಕಾಕಿಮೋರಿ ಕುರಾಮಾಯೆಯಲ್ಲಿದೆ. ಆದರೆ ಅದಕ್ಕೆ ಬೇರೆಯೇ ದಿನ ಇಟ್ಟುಕೊಳ್ಳಬೇಕು.

ಅಂಗಡಿಯಲ್ಲಿ ಪೆನ್ನಿನ ಸ್ಟ್ಯಾಂಡ್ ಪಕ್ಕ ಬರೆದು ನೋಡಲು ಪುಟ್ಟ ಚೀಟಿ ಪುಸ್ತಕ ಇಟ್ಟಿರುತ್ತಾರೆ. ನಾವು ಸಾಮಾನ್ಯವಾಗಿ ಎರಡು ಸುರುಳಿ ಗೀಚಿ ಬಿಡುತ್ತೇವೆ, ಅಲ್ವಾ? ಅದರಿಂದ ಏನೂ ತಿಳಿಯುವುದಿಲ್ಲ. 'ರಾಷ್ಟ್ರ', 'ಲಕ್ಷ್ಮಿ', 'ಸ್ತ್ರೀ' ಅಂತ ನಿಮ್ಮ ಮಾಮೂಲಿ ಅಳತೆಯಲ್ಲಿ, ಮಾಮೂಲಿ ವೇಗದಲ್ಲಿ ಬರೆಯಿರಿ. ಒತ್ತಕ್ಷರದ ಹೊಟ್ಟೆ ಇಂಕಿನಿಂದ ತುಂಬಿಹೋಯಿತಾ, ಬಿಡಿಯಾಗಿ ಕಾಣುತ್ತದಾ ನೋಡಿ. ಆಮೇಲೆ ಅದರ ಮೇಲೆ ಬೆರಳು ಎಳೆಯಿರಿ. ತುದಿಯ ಅಳತೆ 0.5 ಮಿ.ಮೀ. ಇರುವುದು ಕೊಳ್ಳಬೇಕಾ, ಇನ್ನೂ ತೆಳುವಾದ 0.38 ಕೊಳ್ಳಬೇಕಾ ಅನ್ನುವುದು ಅಲ್ಲೇ ತೀರ್ಮಾನವಾಗುತ್ತದೆ. ಜೆಲ್ ಪೆನ್ನಿನಲ್ಲಿ ಅಕ್ಷರ ಸಣ್ಣದಾಗಿದ್ದವರಿಗೆ 0.38 ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ.

ಇನ್ನು ತೆರಿಗೆ. ಟ್ಯಾಕ್ಸ್ ಫ್ರೀ ಫಲಕ ಇರುವ ಅಂಗಡಿಯಲ್ಲಿ ಒಂದೇ ದಿನ, ತೆರಿಗೆ ಬಿಟ್ಟು 5000 ಯೆನ್ ಅಥವಾ ಅದಕ್ಕಿಂತ ಹೆಚ್ಚು ಕೊಂಡರೆ, ಪ್ರವಾಸಿಗರಿಗೆ ಶೇ. 10ರ ತೆರಿಗೆ ಇಲ್ಲ. ಪಾಸ್‌ಪೋರ್ಟ್ ಕೈಯಲ್ಲಿರಲಿ. 2026ರ ನವೆಂಬರ್ 1ರಿಂದ ಕ್ರಮ ಬದಲು: ಪೂರ್ತಿ ಹಣ ಕೊಟ್ಟು, ದೇಶ ಬಿಡುವಾಗ ಕಸ್ಟಮ್ಸ್‌ನಲ್ಲಿ ಖಚಿತ ಮಾಡಿಸಿದ ಮೇಲೆ ತೆರಿಗೆ ವಾಪಸ್ ಬರುತ್ತದೆ.

ಪ್ರಶ್ನೆ: ಜಪಾನಿನ ಫೌಂಟನ್ ಪೆನ್ ಕೊಳ್ಳುವ ಆಸೆ. ಪೈಲಟ್, ಸೈಲರ್, ಪ್ಲಾಟಿನಂ ಮೂರರಲ್ಲಿ ಯಾವುದು? ನಿಬ್ ಫೈನ್ ತಗೊಳ್ಳಲಾ, ಮೀಡಿಯಮ್ಮಾ?

ಮೂರೂ ನೂರು ವರ್ಷ ದಾಟಿದ ಕಂಪನಿಗಳು. ಸೈಲರ್ 1911, ಪೈಲಟ್ 1918, ಪ್ಲಾಟಿನಂ 1919. ಯಾವುದನ್ನು ಕೊಂಡರೂ ಮೋಸವಿಲ್ಲ. ಬ್ರ್ಯಾಂಡಿಗಿಂತ ನಿಬ್ಬಿನ ಬಗ್ಗೆ ಜಾಸ್ತಿ ಯೋಚನೆ ಮಾಡಿ. ಜಪಾನಿನ ಫೈನ್ ನಿಬ್ ಯುರೋಪಿನ ಫೈನ್‌ಗಿಂತ ತೆಳು. ಹೆಚ್ಚುಕಮ್ಮಿ ಅಲ್ಲಿಯ ಎಕ್ಸ್‌ಟ್ರಾ ಫೈನ್ ಅನ್ನಬಹುದು. ಕಾಂಜಿ, ಅಂದರೆ ಚೀನಾದಿಂದ ಜಪಾನಿಗೆ ಬಂದ ಲಿಪಿಯ ಒಂದೊಂದು ಅಕ್ಷರದೊಳಗೆ ಹತ್ತಾರು ಗೀಟು ಹಿಡಿಸಬೇಕಲ್ಲ, ಅದಕ್ಕೆ.

ನಮ್ಮ ಅಕ್ಷರಕ್ಕೆ ಇದು ಅರ್ಧ ಅನುಕೂಲ. ಒತ್ತು, ದೀರ್ಘ, ವಟ್ರಸುಳಿ ಸ್ಪಷ್ಟವಾಗಿ ಬೀಳುತ್ತವೆ. ಆದರೆ ಕನ್ನಡ ದುಂಡಗಿನ ಬರಹ. ನಿಬ್ಬು ಕೆಳಗೆ ಎಳೆದಷ್ಟೇ ಮೇಲಕ್ಕೂ ಹೋಗುತ್ತದೆ. ತೀರಾ ತೆಳುವಾದ ನಿಬ್ಬು ಮೇಲಕ್ಕೆ ಹೋಗುವಾಗ ಕಾಗದವನ್ನು ಕೆರೆಯುತ್ತದೆ. ಅದಕ್ಕೇ ಎಕ್ಸ್‌ಟ್ರಾ ಫೈನ್ ಬೇಡ ಅನ್ನುತ್ತೇನೆ. ಸಣ್ಣ ಅಕ್ಷರದವರಿಗೆ ಫೈನ್, ಸ್ವಲ್ಪ ದೊಡ್ಡದಾಗಿ ಬರೆಯುವವರಿಗೆ ಮೀಡಿಯಂ ಫೈನ್. ಈ ನಡುವಿನ ಅಳತೆ ಜಪಾನಿನಲ್ಲಿ ಸುಲಭವಾಗಿ ಸಿಗುತ್ತದೆ. ನನ್ನ ಡೈರಿಯೆಲ್ಲಾ ಅದರಲ್ಲೇ ಬರೆದದ್ದು.

ದಿನಾ ಬರೆಯುವವರಲ್ಲ, ವಾರಕ್ಕೊಮ್ಮೆ ಪೆನ್ನು ತೆಗೆಯುವವರು ಅಂದರೆ ಪ್ಲಾಟಿನಂನ 3776 ಸೆಂಚುರಿ ನೋಡಿ. ಫ್ಯೂಜಿ ಬೆಟ್ಟದ ಎತ್ತರ 3776 ಮೀಟರ್, ಅದೇ ಅಂಕಿ. ಇದರ ಕ್ಯಾಪಿನ ಒಳಗೆ ಸ್ಪ್ರಿಂಗ್ ಇರುವ ಇನ್ನೊಂದು ಪುಟ್ಟ ಕ್ಯಾಪ್ ಇದೆ. ಮುಚ್ಚಿದಾಗ ಅದು ನಿಬ್ಬಿನ ಸುತ್ತ ಗಾಳಿಯಾಡದಂತೆ ಒತ್ತಿ ಕೂರುತ್ತದೆ. ಇಂಕು ಅಷ್ಟು ಬೇಗ ಒಣಗುವುದಿಲ್ಲ. ಅದೇ ಕಂಪನಿಯ ಅಗ್ಗದ ಪ್ರೆಪ್ಪಿ ಪೆನ್ನಿನಲ್ಲೂ ಈ ಏರ್ಪಾಡಿದೆ. ಫೌಂಟನ್ ಪೆನ್ ಒಗ್ಗುತ್ತದೋ ಇಲ್ಲವೋ ಅಂತ ಅನುಮಾನ ಇರುವವರು ಪ್ರೆಪ್ಪಿಯಿಂದಲೇ ಶುರುಮಾಡಲಿ.

ಒಂದು ಎಚ್ಚರಿಕೆ. ಈ ಮೂರು ಕಂಪನಿಗಳ ಕಾರ್ಟ್ರಿಜ್ (ಇಂಕು ತುಂಬಿಯೇ ಬರುವ ಪುಟ್ಟ ಕೊಳವೆ) ಒಂದರದ್ದು ಇನ್ನೊಂದಕ್ಕೆ ಕೂರುವುದಿಲ್ಲ. ಪೆನ್ನಿನ ಜೊತೆಗೇ ಅದೇ ಕಂಪನಿಯ ಕನ್ವರ್ಟರ್, ಅಂದರೆ ಮತ್ತೆ ಮತ್ತೆ ಇಂಕು ತುಂಬಿಕೊಳ್ಳುವ ಕೊಳವೆ, ತಗೊಳ್ಳಿ. ಆಗ ಯಾವುದೇ ಒಳ್ಳೆಯ ಫೌಂಟನ್ ಪೆನ್ ಇಂಕನ್ನು ಬಾಟಲಿಯಿಂದ ತುಂಬಬಹುದು.

ಪ್ರಶ್ನೆ: ಜಪಾನಿನಿಂದ ತಂದ ಫ್ರಿಕ್ಷನ್ ಪೆನ್ನಿನಲ್ಲಿ ಲೆಕ್ಕ ಬರೆದು, ಪುಸ್ತಕವನ್ನು ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಟ್ಟಿದ್ದೆ. ಅಕ್ಷರವೆಲ್ಲಾ ಮಾಯ. ಪೆನ್ನೇ ಕೆಟ್ಟದ್ದಾ?

ಪೆನ್ನು ಸರಿಯಾಗೇ ಇದೆ. ಫ್ರಿಕ್ಷನ್ ಇಂಕು ಶಾಖಕ್ಕೆ ಬಣ್ಣ ಬಿಡುತ್ತದೆ. ಹಿಂದಿನ ತುದಿಯಿಂದ ಉಜ್ಜಿದಾಗ ಹುಟ್ಟುವ ಬಿಸಿಗೇ ಅಕ್ಷರ ಅಳಿಯುವುದು. ಸುಮಾರು 60 ಡಿಗ್ರಿ ದಾಟಿದರೆ ಸಾಕು. ಪುಸ್ತಕವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಫ್ರೀಜರಿನಲ್ಲಿಡಿ. ಮೈನಸ್ 10 ಡಿಗ್ರಿಯ ಕೆಳಗೆ ಬಣ್ಣ ಮರಳಲು ಶುರುವಾಗುತ್ತದೆ, ಮೈನಸ್ 20ರ ಹೊತ್ತಿಗೆ ಓದುವಷ್ಟು ಬರುತ್ತದೆ. ಚೆಕ್ಕು, ಅರ್ಜಿ, ಉತ್ತರ ಪತ್ರಿಕೆಗೆ ಈ ಪೆನ್ನು ಖಂಡಿತಾ ಬೇಡ. ಅದಕ್ಕೆ ಜೆಟ್‌ಸ್ಟ್ರೀಮ್‌ನಂಥ ಬಾಲ್ ಪೆನ್ ಇಟ್ಟುಕೊಳ್ಳಿ.

ಪ್ರಶ್ನೆ: ನೋಟ್‌ಬುಕ್ ಆರಿಸುವಾಗ ಏನು ನೋಡಬೇಕು? ಬಿ5 ಅಂತ ಬರೆದದ್ದಕ್ಕೆ ನನ್ನ ಬಿ5 ಚರ್ಮದ ಕವರು ಕೂರಲೇ ಇಲ್ಲ.

ಜಪಾನಿನ ಬಿ5 ಬೇರೆ. ಅದು 182×257 ಮಿ.ಮೀ. ಅಂತಾರಾಷ್ಟ್ರೀಯ ಬಿ5 176×250 ಮಿ.ಮೀ. ಕವರು ಮೊದಲೇ ಇದ್ದರೆ ಎ5 ಅಳತೆಗೆ ಹೋಗಿ, ಅದು ಎಲ್ಲಾ ಕಡೆ ಒಂದೇ.

ಆಮೇಲೆ ಗೆರೆ. ಕ್ಯಾಂಪಸ್ ಪುಸ್ತಕದ ರಟ್ಟಿನ ಮೇಲೆ ಎ ಅಥವಾ ಬಿ ಅಂತ ಗುರುತಿರುತ್ತದೆ. ಎ ಅಂದರೆ ಗೆರೆಗಳ ನಡುವೆ 7 ಮಿ.ಮೀ., ಬಿ ಅಂದರೆ 6. ಕನ್ನಡಕ್ಕೆ ಎ ತಗೊಳ್ಳಿ. ಬಿ ಗೆರೆಯಲ್ಲಿ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ.

ಕಾಗದದ ವಿಷಯಕ್ಕೆ ಬಂದರೆ, ಎಲ್ಲರೂ ಹೊಗಳುವ ತೊಮೊಯೆ ರಿವರ್ ಕಾಗದ ಚದರ ಮೀಟರಿಗೆ 52 ಗ್ರಾಂ. ಅಷ್ಟು ತೆಳುವಾಗಿದ್ದರೂ ಇಂಕು ಹಿಂದಕ್ಕೆ ಸೋರುವುದಿಲ್ಲ. 2021ರಲ್ಲಿ ಇದು ತೊಮೊಯೆಗಾವಾ ಕಂಪನಿಯಿಂದ ಸಾನ್ಜೆನ್ ಕಂಪನಿಯ ಕೈಗೆ ಹೋಯಿತು. ಬಣ್ಣದ ಇಂಕಿನ ಏರಿಳಿತ ಇದರಲ್ಲಿ ಕಂಡಷ್ಟು ಚೆನ್ನಾಗಿ ಬೇರೆಲ್ಲೂ ಕಾಣದು. ಆದರೆ ಇಂಕು ಒಣಗುವುದು ನಿಧಾನ, ಹಿಂದಿನ ಪುಟದ ಅಕ್ಷರ ಮಸುಕಾಗಿ ಕಾಣುತ್ತದೆ. ದಿನಾ ಓಡಾಡುತ್ತಾ ಬರೆಯುವವರಿಗೆ ನಾನು ಇದನ್ನು ಹೇಳುವುದಿಲ್ಲ. ಮಿದೋರಿಯ ಎಂಡಿ ಕಾಗದ ಅಥವಾ ತ್ಸುಬಾಮೆ ನೋಟ್‌ಬುಕ್ ತಗೊಳ್ಳಿ. ತ್ಸುಬಾಮೆ ಹಳೇ ಕಾಲದ ಲೆಕ್ಕದ ಪುಸ್ತಕದ ಹಾಗೆ ಕಾಣುತ್ತದೆ. ದಾರದಲ್ಲಿ ಹೊಲಿದದ್ದು, ಮೇಜಿನ ಮೇಲೆ ಚಪ್ಪಟೆಯಾಗಿ ಬಿಚ್ಚಿಕೊಂಡು ಕೂರುತ್ತದೆ.

ಪ್ರಶ್ನೆ: ಮಗಳು ಮೂರನೇ ಕ್ಲಾಸು. ತಿರುಗುವ ಸೀಸದ ಕುರು ತೋಗಾ ಪೆನ್ಸಿಲ್ ಬೇಕಂತೆ. ಕೊಡಿಸಲಾ?

ಕುರು ತೋಗಾ 2008ರಲ್ಲಿ ಮಿತ್ಸುಬಿಷಿ ಪೆನ್ಸಿಲ್ ಕಂಪನಿ ತಂದದ್ದು. (ಕಾರು ಮಾಡುವ ಮಿತ್ಸುಬಿಷಿಗೂ ಇದಕ್ಕೂ ಸಂಬಂಧವಿಲ್ಲ.) ಸೀಸದ ತುದಿ ಕಾಗದಕ್ಕೆ ತಾಗಿ ಎದ್ದಾಗಲೆಲ್ಲಾ ಒಳಗಿನ ಗಿಯರು ಸೀಸವನ್ನು ಚೂರು ತಿರುಗಿಸುತ್ತದೆ, ತುದಿ ಒಂದೇ ಕಡೆ ಸವೆಯದಿರಲಿ ಅಂತ. ಮೊದಲ ಮಾದರಿಯಲ್ಲಿ 40 ಸಲ ಎದ್ದರೆ ಒಂದು ಸುತ್ತು. ಕಾಂಜಿ ಬರೆಯುವವರ ಕೈ ಒಂದು ಅಕ್ಷರದಲ್ಲೇ ಹಲವು ಸಲ ಏಳುತ್ತದೆ. ಕನ್ನಡದ 'ಅ' ಬರೆಯಲು ಕೈ ಎತ್ತಬೇಕಾಗೇ ಇಲ್ಲ. ಅಂದರೆ ಸೀಸ ನಮ್ಮ ಬರಹದಲ್ಲಿ ನಿಧಾನವಾಗಿ ತಿರುಗುತ್ತದೆ, ಲಾಭ ಕಮ್ಮಿ. ಅಂಕಿ, ಲೆಕ್ಕ ಬರೆಯುವಾಗ ಚೆನ್ನಾಗಿ ಕೆಲಸ ಮಾಡುತ್ತದೆ. ಕೊಡಿಸುವುದೇ ಆದರೆ ಎರಡು ಪಟ್ಟು ಬೇಗ ತಿರುಗುವ ಅಡ್ವಾನ್ಸ್ ಮಾದರಿ ಕೊಡಿಸಿ.

ಮೂರನೇ ಕ್ಲಾಸಿಗೆ ನನ್ನ ಆಯ್ಕೆ ಮಾತ್ರ ಮರದ ಪೆನ್ಸಿಲ್ಲೇ. ಇಲ್ಲಿನ ಶಾಲೆಗಳಲ್ಲಿ ಚಿಕ್ಕ ಮಕ್ಕಳಿಗೆ ಬಿ ಅಥವಾ 2ಬಿ ತನ್ನಿ ಅನ್ನುತ್ತಾರೆ. ಮೆತ್ತಗಿನ ಸೀಸ, ಒತ್ತಿ ಬರೆಯಬೇಕಾಗಿಲ್ಲ, ಬೆರಳು ನೋಯುವುದಿಲ್ಲ. ಹೈ-ಯೂನಿ ಅಥವಾ ಟೊಂಬೊ ಮೋನೋ 100, ಎರಡೂ 1960ರ ದಶಕದಿಂದ ಇರುವ ಪೆನ್ಸಿಲ್‌ಗಳು. ಒಂದು ಡಜನ್ ಡಬ್ಬಿ ತಂದುಕೊಡಿ.

ಪ್ರಶ್ನೆ: ಇಂಕಿನ ಬಾಟಲಿ, ಓಲ್ಫಾ ಕಟ್ಟರ್ ವಿಮಾನದಲ್ಲಿ ತರಬಹುದಾ?

ಕಟ್ಟರ್ ಚೆಕ್-ಇನ್ ಲಗೇಜಿಗೇ ಹಾಕಬೇಕು. ಕೈಚೀಲದಲ್ಲಿದ್ದರೆ ತಪಾಸಣೆಯಲ್ಲಿ ತೆಗೆದಿಡುತ್ತಾರೆ. ಪೈಲಟ್‌ನ ಇರೋಶಿಜುಕು ಇಂಕಿನ ಬಾಟಲಿ 50 ಮಿ.ಲೀ., ಕೈಚೀಲದ 100 ಮಿ.ಲೀ. ಮಿತಿಯೊಳಗೇ ಇದೆ. ಜಿಪ್ ಇರುವ ಪಾರದರ್ಶಕ ಚೀಲದಲ್ಲಿಡಿ. ಬಾಟಲಿಗಳು ಜಾಸ್ತಿ ಇದ್ದರೆ ಒಂದೊಂದಕ್ಕೂ ಬೇರೆ ಚೀಲ ಹಾಕಿ, ಬಟ್ಟೆಯಲ್ಲಿ ಸುತ್ತಿ ದೊಡ್ಡ ಪೆಟ್ಟಿಗೆಗೆ ಹಾಕಿ. ಫೌಂಟನ್ ಪೆನ್ನಿನಲ್ಲಿ ಇಂಕು ಪೂರ್ತಿ ತುಂಬಿರಲಿ, ಇಲ್ಲವೇ ಪೂರ್ತಿ ಖಾಲಿ ಇರಲಿ. ಅರ್ಧ ಇದ್ದರೆ ಒಳಗಿನ ಗಾಳಿ ಹಿಗ್ಗಿ ಇಂಕನ್ನು ಹೊರಗೆ ತಳ್ಳುತ್ತದೆ. ವಿಮಾನ ಮೇಲೇರುವಾಗ ನಿಬ್ಬು ಮೇಲ್ಮುಖವಾಗಿರುವಂತೆ ಜೇಬಿನಲ್ಲಿಟ್ಟುಕೊಳ್ಳಿ.