ದುಡ್ಡು ಕೊಟ್ಟು ಪ್ರೊ ಆ್ಯಪ್ ಹಾಕಿಕೊಂಡೆ, ಮೂಡಿಗೆರೆ ತೋಟದ ಹಳೇ ಕೂಲಿ ಲೆಕ್ಕವೆಲ್ಲ ಖಾಲಿ. ಯಾಕೆ?

ಲೆಕ್ಕ ಬಹುತೇಕ ಅಳಿಸಿಹೋಗಿಲ್ಲ, ಹಳೇ ಆ್ಯಪ್‌ನಲ್ಲೇ ಕೂತಿದೆ. ಆ ಆ್ಯಪನ್ನು ಮಾತ್ರ ಈಗಲೇ ಅನ್‌ಇನ್‌ಸ್ಟಾಲ್ ಮಾಡಬೇಡಿ, ಮಾಡಿದರೆ ಲೆಕ್ಕವೂ ಅದರ ಜೊತೆಗೇ ಹೋಗುತ್ತದೆ.

ಕೆಲವರು ಪ್ರೊ ಅಂತ ಬೇರೆಯದೇ ಆ್ಯಪ್ ಮಾರುತ್ತಾರೆ. ಆಂಡ್ರಾಯ್ಡ್‌ನಲ್ಲಿ ಪ್ರತಿ ಆ್ಯಪ್‌ಗೂ ಬೀಗ ಹಾಕಿದ ಸ್ವಂತ ಜಾಗ ಇರುತ್ತದೆ. ತಯಾರಿಸಿದವರೇ ದಾರಿ ಮಾಡಿಕೊಡದಿದ್ದರೆ ಪಕ್ಕದ ಆ್ಯಪ್ ಅಲ್ಲಿ ಇಣುಕುವ ಹಾಗಿಲ್ಲ. ಇದನ್ನು ದುಡ್ಡು ಕೇಳುವ ಮೊದಲೇ ಹೇಳಬೇಕಿತ್ತು ಅಲ್ವಾ? ನಿಮ್ಮ ಸಿಟ್ಟು ನ್ಯಾಯವೇ.

ಹಳೇ ಆ್ಯಪ್‌ನಲ್ಲಿ ‘ಎಕ್ಸ್‌ಪೋರ್ಟ್’ ಒತ್ತಿ ಸಿಎಸ್‌ವಿ ಫೈಲ್ ಮಾಡಿಕೊಳ್ಳಿ. ಅಂದರೆ ಕಾಮಾ ಹಾಕಿ ಬೇರ್ಪಡಿಸಿದ ಸಾದಾ ಪಟ್ಟಿ. ಹೊಸದರಲ್ಲಿ ‘ಇಂಪೋರ್ಟ್’ ಕೊಡಿ. ಆಮೇಲೆ ಕಾಫಿ ಕೊಯ್ಲಿನ ಒಂದು ವಾರದ ಕೆ.ಜಿ., ಅಡ್ವಾನ್ಸ್ ಎರಡನ್ನೂ ತಾಳೆ ನೋಡಿ. ತಾರೀಕನ್ನಂತೂ ಬಿಡಬೇಡಿ: 5/12 ಅನ್ನುವುದು ಸುಮ್ನೆ ಮೇ 12 ಆಗಿ ಕೂತಿರಬಹುದು.