ಕಪ್ಪು ಶಿಲೀಂಧ್ರದ ಹೆದರಿಕೆಗೆ ಇನ್‌ಹೇಲರ್ ನಿಲ್ಲಿಸಬೇಡಿ

2021ರ ಮಳೆಗಾಲದಲ್ಲಿ, ಕೊರೋನಾದ ಎರಡನೇ ಅಲೆಯ ಹೊತ್ತಿಗೆ, ಕೊಡಗಿನ ಸೋಮವಾರಪೇಟೆ ಕಡೆಯ ಓದುಗರೊಬ್ಬರು ಬರೆದಿದ್ದರು: "ನನ್ನ 8 ವರ್ಷದ ಮಗನಿಗೆ ದಮ್ಮು ಇದೆ. ದಿನಾ ಎರಡು ಹೊತ್ತು ಇನ್‌ಹೇಲರ್ ಕೊಡುತ್ತಿದ್ದೆ. ಅದರಲ್ಲಿ ಸ್ಟೀರಾಯ್ಡ್ ಇದೆ, ಕಪ್ಪು ಶಿಲೀಂಧ್ರ ಬರುತ್ತದೆ ಎಂದು ನೆಂಟರು ಹೆದರಿಸಿದರು. ಮೇ ತಿಂಗಳಲ್ಲಿ ನಿಲ್ಲಿಸಿದೆ. ಈಗ ಮಳೆ ಹಿಡಿದಿದೆ, ರಾತ್ರಿಯೆಲ್ಲ ಕೆಮ್ಮು. ಮನೆಗೆ ನೆಬ್ಯುಲೈಸರ್ ತರಿಸಲೇ? ಹಬೆ ಕೊಡಬಹುದೇ?"

ಸಂಪಾದಕರ ಉತ್ತರ:

ನಮಸ್ಕಾರ. ಮೊದಲು ಒಂದು ಕೆಲಸ ಮಾಡಿ. ಮಗನನ್ನು ನೋಡುವ ಡಾಕ್ಟರಿಗೆ ಇವತ್ತೇ ಫೋನ್ ಮಾಡಿ, ಇನ್‌ಹೇಲರ್ ನಿಲ್ಲಿಸಿದ್ದನ್ನು ಮುಚ್ಚಿಡದೆ ಹೇಳಿ. ಅದನ್ನು ಮತ್ತೆ ಶುರು ಮಾಡಲೇಬೇಕು.

ನಿಮ್ಮ ಹೆದರಿಕೆ ನನಗೆ ಅರ್ಥವಾಗುತ್ತದೆ. ಆಗ ಟಿವಿ ಹಾಕಿದರೆ ಅದೇ ಸುದ್ದಿ ಇತ್ತು, ಅಲ್ವಾ? ಆದರೆ 2021ರ ಕೊರೋನಾ ಅಲೆಯಲ್ಲಿ ಕಪ್ಪು ಶಿಲೀಂಧ್ರ (ಮ್ಯೂಕರ್‌ಮೈಕೋಸಿಸ್ ಎಂಬ ಅಪಾಯದ ಸೋಂಕು) ಹೆಚ್ಚಾಗಿ ಕಂಡಿದ್ದು ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದ ದೊಡ್ಡವರಲ್ಲಿ, ಮಾತ್ರೆ, ಇಂಜೆಕ್ಷನ್ ಮೂಲಕ ಜಾಸ್ತಿ ಸ್ಟೀರಾಯ್ಡ್ ತೆಗೆದುಕೊಂಡವರಲ್ಲಿ. ಆ ಔಷಧ ರಕ್ತಕ್ಕೆ ಸೇರಿ ಇಡೀ ಮೈಗೆ ಹೋಗುತ್ತದೆ. ಇನ್‌ಹೇಲರಿನದು ನೇರವಾಗಿ ಶ್ವಾಸನಾಳಕ್ಕೆ ಇಳಿಯುತ್ತದೆ. ಮಕ್ಕಳಿಗೆ ಕೊಡುವ ಬುಡೆಸೊನೈಡ್ ಎಂಬ ಸ್ಟೀರಾಯ್ಡ್ ಒಂದು ಪಫ್‌ನಲ್ಲಿ ಸಾಮಾನ್ಯವಾಗಿ 100 ಅಥವಾ 200 ಮೈಕ್ರೋಗ್ರಾಂ ಇರುತ್ತದೆ. ಸಾವಿರ ಮೈಕ್ರೋಗ್ರಾಂ ಸೇರಿದರೆ ಒಂದು ಮಿಲಿಗ್ರಾಂ. ಮೈಗೆ ಸೇರುವುದು ಅದರಲ್ಲೂ ಸ್ವಲ್ಪವೇ. ಬಾಯಲ್ಲಿ ಕೆಲವೊಮ್ಮೆ ಬಿಳಿ ಪೊರೆ ಕಟ್ಟಬಹುದು, ಅದು ಬೇರೆ, ಅಪಾಯದ್ದಲ್ಲ. ಪ್ರತಿ ಸಲ ಬಾಯಿ ಮುಕ್ಕಳಿಸಿ ಉಗುಳಿಸಿ.

ಶ್ವಾಸನಾಳದ ಊತ ಇಳಿಸುವುದು ಈ ದಿನನಿತ್ಯದ ಇನ್‌ಹೇಲರೇ. ದಮ್ಮು ಎದ್ದಾಗ ಕೊಡುವ ಸಾಲ್ಬುಟಮಾಲ್ ಬಿಗಿದ ನಾಳವನ್ನು ಸ್ವಲ್ಪ ಹೊತ್ತು ಸಡಿಲಿಸುತ್ತದೆ, ಅಷ್ಟೇ. ಊತ ಹಾಗೇ ಉಳಿದರೆ ಸಣ್ಣ ಶೀತವೂ ದಮ್ಮಾಗಿ ತಿರುಗುತ್ತದೆ. ಕೊರೋನಾ ಕಾಲದಲ್ಲಿ ದಮ್ಮಿನ ಮಗುವಿಗೆ ದೊಡ್ಡ ಕಾವಲು ಅಂದರೆ ದಮ್ಮನ್ನು ಹತೋಟಿಯಲ್ಲಿ ಇಡುವುದು. ಮತ್ತೆ ಶುರು ಮಾಡಿದ ಮಾರನೇ ದಿನವೇ ಕೆಮ್ಮು ನಿಲ್ಲಲಿಲ್ಲ ಎಂದು ಬಿಡಬೇಡಿ. ಪೂರ್ತಿ ಗುಣ ಕಾಣಲು ವಾರಗಳೇ ಬೇಕು.

ನೆಬ್ಯುಲೈಸರ್, ಅಂದರೆ ಔಷಧವನ್ನು ಮಂಜು ಮಾಡಿ ಕೊಡುವ ಯಂತ್ರ, ಈಗ ಬೇಡ. ಮಗನಿಗೆ ಕೊರೋನಾ ಸೋಂಕಿದ್ದರೆ ಅದರ ಮಂಜು ವೈರಸ್ಸನ್ನು ಕೋಣೆಯೆಲ್ಲ ಹರಡಬಹುದು. ಸಾಮಾನ್ಯ ದಮ್ಮಿಗೆ ಸ್ಪೇಸರ್ (ಇನ್‌ಹೇಲರಿಗೂ ಬಾಯಿಗೂ ನಡುವೆ ಇಡುವ ಕೊಳವೆ) ಹಾಕಿದ ಇನ್‌ಹೇಲರ್ ಅಷ್ಟೇ ಚೆನ್ನಾಗಿ ಕೆಲಸ ಮಾಡುತ್ತದೆ. ಅದಕ್ಕೆ ಕರೆಂಟೂ ಬೇಡ. ಮಳೆಗಾಲದಲ್ಲಿ ಮರ ಬಿದ್ದು ದಿನಗಟ್ಟಲೆ ಕರೆಂಟ್ ಹೋಗುವ ನಮ್ಮ ಕೊಡಗಿನಲ್ಲಿ ಇದು ದೊಡ್ಡ ಮಾತು. ಇನ್‌ಹೇಲರ್ ಚೆನ್ನಾಗಿ ಕುಲುಕಿ, ಒಂದೇ ಪಫ್ ಒತ್ತಿ, ಐದಾರು ಉಸಿರು ನಿಧಾನವಾಗಿ ಎಳೆದುಕೊಳ್ಳಲಿ. ಆಮೇಲೆ ಎರಡನೆಯದು. ಸ್ಪೇಸರನ್ನು ಸೋಪು ನೀರಲ್ಲಿ ತೊಳೆದು ಹಾಗೇ ಆರಲು ಬಿಡಿ, ಬಟ್ಟೆಯಲ್ಲಿ ಒರೆಸಬೇಡಿ. ಇನ್ನೊಂದು ಮಗುವಿಗೆ ಕೊಡಬೇಡಿ. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದು ರಸ್ತೆಗಳು ಮುಚ್ಚಿದ್ದು ನೆನಪಿದೆಯಲ್ಲ. ಒಂದು ತಿಂಗಳಿಗಾಗುವಷ್ಟು ಔಷಧ ಮನೆಯಲ್ಲಿರಲಿ.

ಮನೆಯನ್ನೂ ಒಮ್ಮೆ ನೋಡಿ. ಕೆಂಡದ ಮೇಲೆ ಬಟ್ಟೆ ಒಣಗಿಸುವ ಕೋಣೆಯಲ್ಲಿ ಮಗನನ್ನು ಮಲಗಿಸಬೇಡಿ. ಒಲೆಯ ಹೊಗೆ, ಸೊಳ್ಳೆ ಬತ್ತಿ, ಗೋಡೆಯ ಬೂಷ್ಟು, ಇವೆಲ್ಲ ಕೆಮ್ಮು ಎಬ್ಬಿಸುತ್ತವೆ. ಕೊರೋನಾ ಓಡಿಸಲೆಂದು ಸಾಂಬ್ರಾಣಿ ಹಾಕುವುದು, ಬ್ಲೀಚಿಂಗ್ ಪೌಡರ್ ಚೆಲ್ಲುವುದು ಅವನಿದ್ದ ಕಡೆ ಬೇಡ. ಬೀಡಿ, ಸಿಗರೇಟು ಸೇದುವವರು ಮನೆಯಲ್ಲಿದ್ದರೆ ಈ ಮಾತನ್ನು ಅವರಿಗೆ ನಾನೇ ಹೇಳಿದೆ ಅನ್ನಿ. 2021ರ ಆ ಹೊತ್ತಿಗೆ ಕೊರೋನಾ ಲಸಿಕೆ 18 ದಾಟಿದವರಿಗಷ್ಟೇ ಇತ್ತು. ಮಕ್ಕಳಿಗೆ ಅದಿನ್ನೂ ಬಂದಿರಲಿಲ್ಲ.

ಬರೀ ದಮ್ಮಿಗೆ ಜ್ವರ ಬರುವುದಿಲ್ಲ. ಜ್ವರ ಬಂದರೆ ಪರೀಕ್ಷೆ ಮಾಡಿಸಿ, ಆಗಲೂ ಇನ್‌ಹೇಲರ್ ನಿಲ್ಲಿಸಬೇಡಿ. ಉಸಿರೆಳೆಯುವಾಗ ಪಕ್ಕೆಲುಬಿನ ನಡುವೆ ಗುಳಿ ಬಿದ್ದರೆ, ಒಂದು ವಾಕ್ಯ ಪೂರ್ತಿ ಹೇಳಲಾಗದಿದ್ದರೆ, ತುಟಿ ನೀಲಿಯಾದರೆ ಕೂಡಲೇ 108ಕ್ಕೆ ಫೋನ್ ಮಾಡಿ. ಗಾಡಿ ಬರುವವರೆಗೆ ಡಾಕ್ಟರು ಹೇಳಿದಷ್ಟು ಸಾಲ್ಬುಟಮಾಲನ್ನು ಸ್ಪೇಸರಿನಲ್ಲಿ ಒಂದೊಂದೇ ಪಫ್ ಕೊಡುತ್ತಿರಿ. ಆಸ್ಪತ್ರೆಯಲ್ಲಿ ಕೊರೋನಾ ಅಂಟೀತು ಎಂದು ಕಾಯುತ್ತಾ ಕೂರಬೇಡಿ, ದಯವಿಟ್ಟು.

ಇನ್ನು ಹಬೆ. ಅದರಿಂದ ದಮ್ಮು ಇಳಿಯುವುದಿಲ್ಲ, ಕೊರೋನಾವೂ ಸಾಯುವುದಿಲ್ಲ. ನೀಲಗಿರಿ ಎಣ್ಣೆಯ ಘಾಟಿಗೆ ಕೆಲವು ಮಕ್ಕಳಿಗೆ ಉಸಿರು ಇನ್ನೂ ಕಟ್ಟುತ್ತದೆ. ಕುದಿಯುವ ನೀರಿನ ಪಾತ್ರೆ ಮಗುಚಿ ಮೈ ಸುಟ್ಟುಕೊಂಡ ಮಕ್ಕಳೂ ಇದ್ದಾರೆ. ಕೊಡಬೇಡಿ. ಕುಡಿಯಲು ಬೆಚ್ಚಗಿನ ನೀರು ಕೊಡಿ, ಸಾಕು.